ಆಕಾಶದಲ್ಲೊಂದು ಗುಡ್ಡ

ನಮ್ಮ ಅಕ್ಕನನ್ನು ಕೊಟ್ಟಿರುವುದು ತೀರ್ಥಹಳ್ಳಿಯಿಂದಾಚೆಗೆ, ಆಗುಂಬೆಯ ಮಗ್ಗುಲಿನ ಒಂದು ಹಳ್ಳಿಗೆ. ಹಳ್ಳಿಯೆಂದೊಡನೆ ಪೇಟೆಯ ವಾಚಕರು ಸಾಲುಮನೆಗಳ ಬೀದಿಯನ್ನು ಕಲ್ಪಿಸಿಕೊಳ್ಳಬಾರದು. ಅಡಿಕೆತೋಟದ ಅಂಚಿನಲ್ಲಿ ಒಂದು ಮನೆ. ಕೂಗಿದರೂ ಕೇಳಿಸದಷ್ಟು ದೂರದಲ್ಲಿ ಇನ್ನೊಂದು. ಕಳೆದ ಆಷಾಢದಲ್ಲಿ ನಾನು ಅಲ್ಲಿದ್ದಾಗ ನಾಲ್ಕು ದಿನ ಬಿಡದೆ ಮಳೆ ಹೊಯ್ಯಿತು. ಮೊದಲ ದಿನ ಕರೆಂಟು ಹೋಯಿತು. ಎರಡನೆಯ ದಿನ ಮೊಬೈಲ್ ಗೋಪುರದ ಉಸಿರೂ ನಿಂತು, ಎಲ್ಲರ ಫೋನುಗಳೂ ಮೂಕವಾದವು. ಮೂರನೆಯ ರಾತ್ರಿ ಅಕ್ಕನ ಅತ್ತೆಯವರಿಗೆ ಉಬ್ಬಸ ಏರಿತು.

ಭಾವನವರು ಹೆಚ್ಚು ಮಾತನಾಡಲಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು, ಟಾರ್ಚು ಹಿಡಿದು, ಮನೆಯ ಹಿಂದಣ ಗುಡ್ಡವನ್ನು ಹತ್ತಿದರು. ನಾನೂ ಹಿಂಬಾಲಿಸಿದೆ. ಗುಡ್ಡದ ನೆತ್ತಿಯ ಬಂಡೆಯ ಮೇಲೆ ನಿಂತರೆ ದೂರದ ಇನ್ನೊಂದು ಗೋಪುರ ಸಿಕ್ಕುತ್ತದೆಂಬುದು ಆ ಊರಿನ ಮಕ್ಕಳಿಗೂ ಗೊತ್ತು. ಫೋನಿನಲ್ಲಿ ಉಳಿದಿದ್ದುದು ನೂರಕ್ಕೆ ಮೂರು ಪಾಲು ಚಾರ್ಜು. “ಡಾಕ್ಟ್ರೇ, ಅಮ್ಮನಿಗೆ ಉಸಿರು ಹಿಡೀತಿದೆ. ಗಾಡಿ ಕಳಿಸಿ. ಹಳ್ಳದ ಸೇತುವೆ ಮುಳುಗಿದೆ, ಮೇಲಿನ ರಸ್ತೇಲಿ ಬರಲಿ.” ಇಷ್ಟೇ ಮಾತು. ಫೋನು ಆರಿಹೋಯಿತು. ಗಾಡಿ ಬಂದಿತು; ಅತ್ತೆಯವರು ಈಗ ಕ್ಷೇಮವಾಗಿದ್ದಾರೆ. ಆದರೆ ಜಾರುವ ದಾರಿಯಲ್ಲಿ ಇಳಿದು ಬರುವಾಗ ಭಾವನವರು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: “ನೋಡು ಮಾರಾಯ, ಈ ಗುಡ್ಡವನ್ನೇ ಎತ್ತಿಕೊಂಡು ಹೋಗಿ ಮೋಡದ ಮೇಲೆ ಇಡುವ ಹಾಗಿದ್ದಿದ್ರೆ!”

ನಾನು ಕನ್ನಡ ಪಾಠ ಹೇಳುವವನು. ಯಂತ್ರಗಳ ಸಹವಾಸ ನನಗೆ ಕಡಿಮೆ. ಆದರೂ ಈ ಮಾತಿನ ಗುಂಗು ಬಿಡದೆ, ಕಾಲೇಜಿನ ಭೌತಶಾಸ್ತ್ರದ ಮಿತ್ರರನ್ನು ಕಾಡಿ, ಸಿಕ್ಕಿದ್ದನ್ನು ಓದಿ ನೋಡಿದಾಗ ತಿಳಿದುಬಂದುದಿಷ್ಟು: ಭಾವನವರು ಹಾಸ್ಯಕ್ಕೆಂದು ಆಡಿದ ಆ ಮಾತನ್ನೇ ಹಲವು ದೇಶಗಳ ಎಂಜಿನಿಯರುಗಳು ಗಂಭೀರವಾಗಿ ಹಿಡಿದು ದಶಕಗಳಿಂದ ದುಡಿಯುತ್ತಿದ್ದಾರೆ. ಮೋಡದ ಮೇಲೆ ಅವರು ಇಡಹೊರಟಿರುವ ಗುಡ್ಡವೆಂದರೆ ಸೂರ್ಯನ ಬಿಸಿಲನ್ನೇ ಉಂಡು, ಭೂಮಿಯಿಂದ 20 ಕಿಲೋಮೀಟರ್ ಎತ್ತರದಲ್ಲಿ, ಚಾಲಕನಿಲ್ಲದೆ ಸುತ್ತುವ ವಿಮಾನ. ಅದರ ಒಡಲಲ್ಲಿರುವುದು ಒಂದು ರೇಡಿಯೋ.

ಗುಡ್ಡ ಹತ್ತಿದರೆ ಫೋನು ಸಿಕ್ಕುವುದೇಕೆ? ನಮ್ಮ ಫೋನುಗಳು ಬಳಸುವ ರೇಡಿಯೋ ಅಲೆಗಳು ಬೆಳಕಿನ ಒಡಹುಟ್ಟುಗಳು. ಹೆಚ್ಚುಕಡಮೆ ನೇರವಾಗಿ ನಡೆಯುವುದೇ ಅವುಗಳ ಸ್ವಭಾವ. ಭೂಮಿ ದುಂಡಗಿರುವುದರಿಂದ 40 ಮೀಟರ್ ಎತ್ತರದ ಗೋಪುರ ಬಯಲುಸೀಮೆಯಲ್ಲಿಯೂ ಸುಮಾರು 22 ಕಿಲೋಮೀಟರಿನಾಚೆಗೆ ನೆಲವನ್ನು ಕಾಣಲಾರದು. ಮಲೆನಾಡಿನಲ್ಲಾದರೋ ಅದಕ್ಕೆ ಬಹಳ ಮುಂಚೆಯೇ ಒಂದು ಬೆಟ್ಟ ಅಡ್ಡ ಬಂದು ನಿಲ್ಲುತ್ತದೆ. 20 ಕಿಲೋಮೀಟರ್ ಎತ್ತರದಿಂದ ನೋಡಿದರೆ ದಿಗಂತ 500 ಕಿಲೋಮೀಟರ್ ದೂರ ಸರಿಯುತ್ತದೆ. ಅಂಚಿನಲ್ಲಿ ಅಲೆಗಳು ತೀರ ಓರೆಯಾಗಿ ಬೀಳುವುದರಿಂದ ನಿಜವಾಗಿ ಉಪಯೋಗಕ್ಕೆ ಬರುವುದು ಸುತ್ತಣ ನೂರು ಕಿಲೋಮೀಟರ್ ಎಂದು ಬಲ್ಲವರು ಎಣಿಸುತ್ತಾರೆ. ಅದೇನು ಕಡಿಮೆಯೆ?

ಹಾಗಾದರೆ ಇನ್ನೂ ಮೇಲೆ, ಉಪಗ್ರಹವನ್ನೇ ಇಟ್ಟರಾಗದೆ ಎಂದು ಕೇಳಬಹುದು. ಇಟ್ಟಿದ್ದಾರೆ. ಆದರೆ ಒಂದೆಡೆ ನಿಂತಂತೆ ತೋರುವ ಭೂಸ್ಥಿರ ಉಪಗ್ರಹವಿರುವುದು 35,786 ಕಿಲೋಮೀಟರ್ ಮೇಲೆ. ದೂರ ಎರಡರಷ್ಟಾದರೆ ತಲುಪುವ ಅಲೆಯ ಬಲ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆಂಬ ನಿಯಮದಂತೆ ಲೆಕ್ಕ ಹಾಕಿದರೆ, 20 ಕಿಲೋಮೀಟರಿನಿಂದ ಬರುವ ಅಲೆಗೂ ಅಲ್ಲಿಂದ ಬರುವ ಅಲೆಗೂ ಮೂವತ್ತು ಲಕ್ಷ ಪಟ್ಟಿಗೂ ಮೀರಿದ ಅಂತರವುಂಟು. ಮಾತು ಅಲ್ಲಿಗೆ ಹೋಗಿ ಮರಳಲು ಕಾಲು ಸೆಕೆಂಡಿನಷ್ಟು ಕಾಲವೂ ಬೇಕು. ಕೆಳಗಿನ ಕಕ್ಷೆಗಳಲ್ಲಿ, ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ, ಸಾವಿರಾರು ಚಿಕ್ಕ ಉಪಗ್ರಹಗಳು ಈಗ ತಿರುಗುತ್ತಿವೆ, ನಿಜ. ಆದರೆ ಅವು ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಓಡುವ ಅತಿಥಿಗಳು. ಒಂದು ಕಣ್ಮರೆಯಾಗುವಷ್ಟರಲ್ಲಿ ಇನ್ನೊಂದು ಬರಬೇಕು. ವಿಮಾನವಾದರೆ ಊರಿನ ನೆತ್ತಿಯ ಮೇಲೆಯೇ ಸುತ್ತುತ್ತಿರಬಲ್ಲುದು.

ಎತ್ತರದ ಮಹಿಮೆಗೆ ಒಂದು ನಿದರ್ಶನ ಕೊಡುತ್ತೇನೆ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದಾಗ ಅವರ ಪ್ರೇಷಕದ ಬಲ 30 ವ್ಯಾಟ್. ಆ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಚೆಲುವಾದ ಹೆಸರು ಬಂದಿತಾದರೂ ವಾಣಿ ಹೊರಟಿದ್ದು ನೆಲದಿಂದಲೇ. ಅಕ್ಷರಶಃ ಆಕಾಶದಿಂದ ಬಂದ ವಾಣಿಗೆ 2002ರವರೆಗೆ ಕಾಯಬೇಕಾಯಿತು. ಆ ವರ್ಷದ ಬೇಸಗೆಯಲ್ಲಿ ಹವಾಯಿಯ ಕೌವಾಯಿ ದ್ವೀಪದಿಂದ ‘ಪಾತ್‌ಫೈಂಡರ್ ಪ್ಲಸ್’ ಎಂಬ ಸೌರವಿಮಾನ ಏರಿ, 65,000 ಅಡಿಗಳ ಎತ್ತರದಿಂದ ಟೆಲಿವಿಷನ್ ಚಿತ್ರವನ್ನೂ ಮೊಬೈಲ್ ಸಂಕೇತವನ್ನೂ ಕೆಳಕ್ಕೆ ಕಳುಹಿಸಿತು. ಅಮೆರಿಕದ ನಾಸಾ ಸಂಸ್ಥೆ, ಏರೋವೈರನ್‌ಮೆಂಟ್ ಕಂಪನಿ ಮತ್ತು ಜಪಾನಿನ ಸರ್ಕಾರ ಸೇರಿ ಮಾಡಿದ ಪ್ರಯೋಗವದು. ಬಳಸಿದ ಬಲವೆಷ್ಟು ಗೊತ್ತೆ? ಒಂದೇ ಒಂದು ವ್ಯಾಟ್. ಅದೇ ಕೆಲಸಕ್ಕೆ ನೆಲದ ಗೋಪುರಕ್ಕೆ ಇದರ ಹತ್ತು ಸಾವಿರ ಪಟ್ಟು ಬಲ ಬೇಕಾಗುತ್ತಿತ್ತೆಂದು ಅವರು ಲೆಕ್ಕ ಕೊಟ್ಟರು.

ಇಷ್ಟು ಸುಲಭವಾದರೆ ನಮ್ಮ ಭಾವನವರು ಮಳೆಯಲ್ಲಿ ಏಕೆ ನೆನೆಯಬೇಕಾಗಿತ್ತು? ತೊಡಕಿರುವುದು ಹಗಲಿನಲ್ಲಲ್ಲ, ರಾತ್ರಿಯಲ್ಲಿ.

ಸೂರ್ಯನ ಬಲದಿಂದ ಮೊದಲ ವಿಮಾನ ಹಾರಿದ್ದು 1974ರ ನವೆಂಬರ್ 4ರಂದು, ಕ್ಯಾಲಿಫೋರ್ನಿಯದಲ್ಲಿ. ಅದರ ಹೆಸರು ‘ಸನ್‌ರೈಸ್’. ಸೂರ್ಯೋದಯವೆಂಬ ಹೆಸರನ್ನೇನೋ ಇಟ್ಟರು. ಸೂರ್ಯಾಸ್ತದ ಪ್ರಶ್ನೆಗೆ ಉತ್ತರ ಸಿಕ್ಕಲು ಇನ್ನೂ ಮೂರು ದಶಕಗಳು ಬೇಕಾದವು. ಹಗಲೆಲ್ಲ ರೆಕ್ಕೆಯ ಮೇಲಿನ ಫಲಕಗಳು ಬಿಸಿಲನ್ನು ವಿದ್ಯುತ್ತಾಗಿಸುತ್ತವೆ. ಒಂದು ಪಾಲು ಮೋಟಾರುಗಳಿಗೆ, ಒಂದು ಪಾಲು ರೇಡಿಯೋಗೆ; ಉಳಿದದ್ದೆಲ್ಲ ಬ್ಯಾಟರಿಗೆ. ಕತ್ತಲಾದ ಮೇಲೆ ಆ ಉಳಿತಾಯವೇ ಗತಿ. ನಮ್ಮ ಮಧ್ಯಮ ವರ್ಗದ ಸಂಸಾರಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳ ಮೊದಲನೆಯ ತಾರೀಕೇ ಸೂರ್ಯೋದಯ. ಇಪ್ಪತ್ತೈದು ಕಳೆದ ಮೇಲಿನದು ಬೆಳಗಿನ ಜಾವ. ಆ ಜಾವದಲ್ಲಿ ಕೈಯಲ್ಲಿ ಎಷ್ಟುಳಿದಿದೆ ಎಂಬುದೇ ಸಂಸಾರದ ಸತ್ವಪರೀಕ್ಷೆ.

ಲೆಕ್ಕವನ್ನು ನೀವೇ ಹಾಕಿ ನೋಡಿ. ರೇಡಿಯೋ ಯಂತ್ರಕ್ಕೆ 100 ವ್ಯಾಟ್ ಬೇಕೆನ್ನಿ. ಹಳೆಯ ಕಾಲದ ಒಂದು ಬಲ್ಬು ತಿನ್ನುತ್ತಿದ್ದಷ್ಟು. ಹನ್ನೆರಡು ಗಂಟೆಯ ರಾತ್ರಿಗೆ 1,200 ವ್ಯಾಟ್-ಗಂಟೆ. ಕಿಲೋಗ್ರಾಮಿಗೆ 300 ವ್ಯಾಟ್-ಗಂಟೆ ಹಿಡಿಯುವ ಉತ್ತಮ ಬ್ಯಾಟರಿಯೇ ಇದ್ದರೂ ನಾಲ್ಕು ಕಿಲೋಗ್ರಾಮ್ ತೂಕವಾಯಿತು. ನಾಲ್ಕು ಕಿಲೋ ಏನು ಮಹಾ ಎನ್ನಬೇಡಿ. ಇಂಥ ವಿಮಾನಗಳಲ್ಲಿ ಪ್ರಸಿದ್ಧವಾದ ‘ಜೆಫಿರ್’ನ ರೆಕ್ಕೆಗಳ ಹರವು 25 ಮೀಟರ್, ಆದರೆ ಬ್ಯಾಟರಿಯೂ ಸೇರಿ ಅದರ ಒಟ್ಟು ತೂಕ 75 ಕಿಲೋಗ್ರಾಮಿಗೂ ಕಡಿಮೆ, ಅಂದರೆ ಒಬ್ಬ ಆಳಿನಷ್ಟು. ಅಲ್ಲಿನ ಗಾಳಿಯೂ ನೆಲಮಟ್ಟದ ಗಾಳಿಯ ಹದಿನಾಲ್ಕನೆಯ ಒಂದು ಪಾಲಿನಷ್ಟೇ ದಟ್ಟ. ಅಷ್ಟು ತೆಳುವಾದ ಗಾಳಿಯಲ್ಲಿ ರೆಕ್ಕೆ ಹೊರಬಲ್ಲ ಪ್ರತಿಯೊಂದು ಗ್ರಾಮಿಗೂ ಲೆಕ್ಕವಿದೆ. ನೆಲದ ಮೇಲೆ ರೇಡಿಯೋ ಎಂಜಿನಿಯರನಿಗೆ ದನಿ ಸಾಲದಾದರೆ ಬಲ ಹೆಚ್ಚಿಸುವ ದಾರಿಯುಂಟು. ಇಲ್ಲಿ ಆ ಬಾಗಿಲು ಮುಚ್ಚಿದೆ. ಎತ್ತರ ಕೊಟ್ಟ ವರವನ್ನು ಉಳಿಸಿಕೊಳ್ಳಬೇಕಾದರೆ ಮಿತವ್ಯಯವೊಂದೇ ಉಪಾಯ. ಈ ವಿದ್ಯೆಯ ಸಾರವೆಲ್ಲ ಇಲ್ಲಿದೆಯೆಂದು ನನ್ನ ಭಾವನೆ.

ಮಿತವ್ಯಯದ ಮೊದಲ ಪಾಠ, ಅಲೆಯನ್ನು ಚೆಲ್ಲದಿರುವುದು. ಬಿಂದಿಗೆಯ ನೀರನ್ನು ಹೊಲಕ್ಕೆಲ್ಲ ಎರಚುವುದಕ್ಕಿಂತ ಗಿಡದ ಬುಡಕ್ಕೆ ಹೊಯ್ಯುವುದು ಲೇಸಷ್ಟೆ? ಹಾಗೆಯೇ ಆಂಟೆನಾ ಅಲೆಗಳನ್ನು ಕಿರಿದಾದ ಕಿರಣಗಳನ್ನಾಗಿ ಮಾಡಿ ಬೇಕಾದ ಊರುಗಳ ಮೇಲೆ ಮಾತ್ರ ಚೆಲ್ಲಬೇಕು. ಆದರೆ ವಿಮಾನ ನಿಂತಲ್ಲಿ ನಿಲ್ಲುವಂಥದಲ್ಲ. ಸುತ್ತುತ್ತದೆ, ತಿರುವಿನಲ್ಲಿ ಒಂದು ರೆಕ್ಕೆಯನ್ನು ತಗ್ಗಿಸುತ್ತದೆ. ಅದು ವಾಲಿದಾಗ ಕಿರಣವೂ ವಾಲಿದರೆ ಒಂದೂರಿನವರ ಮಾತು ನಡುವೆಯೇ ಕಡಿದು ಪಕ್ಕದ ಊರಿಗೆ ಸರಿಯುತ್ತದೆ. ಇದಕ್ಕಾಗಿ ಹಲವಾರು ಪುಟ್ಟ ಆಂಟೆನಾಗಳನ್ನು ಸಾಲಾಗಿ ಜೋಡಿಸಿ, ಒಂದೊಂದರಿಂದ ಹೊರಡುವ ಅಲೆಯನ್ನು ಅತ್ಯಲ್ಪವಾಗಿ ಹಿಂದುಮುಂದು ಮಾಡುತ್ತಾರೆ. ತೇರಿನ ಹಗ್ಗ ಹಿಡಿದವರು ಜಗ್ಗುವ ಹೊತ್ತಿನಲ್ಲಿ ತುಸು ಹಿಂದುಮುಂದಾದರೆ ತೇರು ಒಂದು ಕಡೆಗೆ ಓಲುವುದನ್ನು ಕಂಡಿದ್ದೀರಿ. ಅದೇ ರೀತಿ ಇಲ್ಲಿಯೂ ಯಾವ ಭಾಗವೂ ಅಲುಗದೆ ಕಿರಣ ತಿರುಗುತ್ತದೆ. ವಿಮಾನ ಎತ್ತ ವಾಲಿದರೂ ಅದರ ದೃಷ್ಟಿ ಊರನ್ನು ಬಿಡುವುದಿಲ್ಲ.

ಎರಡನೆಯ ಪಾಠ, ಮನೆಯೊಳಗಿನ ಗದ್ದಲವನ್ನು ಅಡಗಿಸುವುದು. ಕೆಳಗಿನ ಫೋನಿನಿಂದ ಬರುವ ಅಲೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ಪಿಸುಮಾತಿಗಿಂತ ಕ್ಷೀಣ. ಅದೇ ರೆಕ್ಕೆಯ ಮೇಲೆ ಮೋಟಾರುಗಳನ್ನು ನಡೆಸುವ, ಬಿಸಿಲಿನ ವಿದ್ಯುತ್ತನ್ನು ಹದಗೊಳಿಸುವ ಯಂತ್ರಗಳು ಕ್ಷಣಕ್ಷಣಕ್ಕೂ ವಿದ್ಯುತ್ತನ್ನು ಕಡಿದು ಜೋಡಿಸುತ್ತ ತಮ್ಮದೇ ರೇಡಿಯೋ ಗಲಭೆಯನ್ನು ಎಬ್ಬಿಸುತ್ತಿರುತ್ತವೆ. ಹಗುರವಾಗಲೆಂದು ಬಳಸಿದ ಇಂಗಾಲದ ನಾರು ಅಲೆಗಳಿಗೆ ಗೋಡೆಯಾಗಿ ನಿಲ್ಲುತ್ತದೆ. ಆದುದರಿಂದ ಆಂಟೆನಾ ಎಲ್ಲಿ, ತಂತಿ ಎಲ್ಲಿ, ಯಾವುದಕ್ಕೆ ಯಾವ ಹೊದಿಕೆ ಎಂಬುದನ್ನು ಚಿಕ್ಕ ಮನೆಯಲ್ಲಿ ದೊಡ್ಡ ಕುಟುಂಬವನ್ನು ಹೊಂದಿಸಿದಂತೆ ಹೊಂದಿಸಬೇಕು.

ಮೂರನೆಯದು ವಿಚಿತ್ರವಾದ ತೊಂದರೆ. ಹೊರಗೆ ಶೂನ್ಯಕ್ಕಿಂತ ಐವತ್ತು-ಅರವತ್ತು ಡಿಗ್ರಿ ಕೆಳಗಿನ ಚಳಿ. ಬ್ಯಾಟರಿಗೆ ಹೊದಿಕೆ ಹೊದಿಸಿ ಬೆಚ್ಚಗಿಡಬೇಕು. ಅದರ ಪಕ್ಕದಲ್ಲೇ ರೇಡಿಯೋದ ವರ್ಧಕ ತಾನುಂಡ ವಿದ್ಯುತ್ತಿನಲ್ಲಿ ದೊಡ್ಡ ಪಾಲನ್ನು ಶಾಖವಾಗಿ ಕಕ್ಕುತ್ತದೆ. ಆ ಶಾಖವನ್ನು ಹೊತ್ತೊಯ್ಯಲು ಅಲ್ಲಿ ಸಾಕಷ್ಟು ಗಾಳಿಯೇ ಇಲ್ಲ! ಹಿಮದ ನಡುವೆ ಬೆಂದುಹೋಗುವ ಭಯ. ತೆಳುಗಾಳಿಯಲ್ಲಿ ಹೆಚ್ಚು ಒತ್ತಡದ ವಿದ್ಯುತ್ತು ಸುಲಭವಾಗಿ ಕಿಡಿಯಾಗಿ ಹಾರಿಬಿಡುವುದೂ ಉಂಟು. ಒಬ್ಬನಿಗೆ ಕಂಬಳಿ, ಇನ್ನೊಬ್ಬನಿಗೆ ಬೀಸಣಿಗೆ, ಇಬ್ಬರೂ ಒಂದೇ ಕೋಣೆಯಲ್ಲಿ.

ಇನ್ನು ಮಳೆಯ ಮಾತು. ಆಕಾಶದಲ್ಲಿರುವ ಇಂಥ ಕೇಂದ್ರಗಳು ಯಾವ ಕಂಪನಾಂಕದಲ್ಲಿ ಮಾತನಾಡಬೇಕೆಂಬುದನ್ನು ಲೋಕದ ರಾಷ್ಟ್ರಗಳು ಸಭೆ ಸೇರಿ ನಿರ್ಧರಿಸುತ್ತವೆ. 1997ರಲ್ಲಿ ಜಿನೀವದಲ್ಲಿ ಕೊಟ್ಟದ್ದು 47 ಗಿಗಾಹರ್ಟ್ಸ್ ಸುತ್ತಿನ ಪಟ್ಟಿ. ಅಲ್ಲಿ ಸ್ಥಳ ವಿಶಾಲ. ಅಲೆಯ ಉದ್ದ ಮಾತ್ರ ಆರು ಮಿಲಿಮೀಟರ್ ಚಿಲ್ಲರೆ. ಇಂಥ ಕಿರಿಯ ಅಲೆಗಳು ನಮಗೆ ಅಪರಿಚಿತವಲ್ಲ. 1890ರ ದಶಕದಲ್ಲಿಯೇ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಐದು ಮಿಲಿಮೀಟರಿನಷ್ಟು ಕಿರಿಯ ಅಲೆಗಳನ್ನು ಹುಟ್ಟಿಸಿ ಪ್ರಯೋಗ ಮಾಡಿದ್ದರು. ಆದರೆ ಮಳೆಯ ಹನಿಯ ಗಾತ್ರವೂ ಹೆಚ್ಚುಕಡಮೆ ಅಷ್ಟೇ ಆದುದರಿಂದ ಜೋರು ಮಳೆ ಈ ಅಲೆಗಳನ್ನು ಕುಡಿದುಬಿಡುತ್ತದೆ. ಯಾವ ಹೊತ್ತಿನಲ್ಲಿ ಹೆಚ್ಚು ಬೇಕೋ ಆ ಹೊತ್ತಿನಲ್ಲಿಯೇ ಕೈಕೊಡುವ ನಂಟನಂತೆ! ಮಳೆ ಹೆಚ್ಚಾದ ಏಷ್ಯದ ದೇಶಗಳು ತಕರಾರು ತೆಗೆದು, 2000ದ ಇಸ್ತಾನ್‌ಬುಲ್ ಸಭೆಯಲ್ಲಿ 28 ಮತ್ತು 31 ಗಿಗಾಹರ್ಟ್ಸ್ ಪಟ್ಟಿಗಳಿಗೆ ಅನುಮತಿ ಪಡೆದವು. 2023ರ ದುಬೈ ಸಭೆಯಲ್ಲಂತೂ ಸಾಮಾನ್ಯ ಮೊಬೈಲ್ ಫೋನುಗಳೇ ಬಳಸುವ, ಮಳೆಗೆ ಅಷ್ಟಾಗಿ ಜಗ್ಗದ, ಗೇಣುದ್ದದ ಅಲೆಗಳ ಪಟ್ಟಿಗಳಲ್ಲಿ ಇನ್ನಷ್ಟನ್ನು ಈ ವಿಮಾನಗಳಿಗೂ ತೆರೆದರು. ಅದರೊಡನೆ ನಿರ್ಬಂಧಗಳೂ ಬಂದವು. ಎತ್ತರದಲ್ಲಿ ನಿಂತು ಆಡಿದ ಮಾತು ನೆರೆಯವರ ಅಂಗಳಕ್ಕೂ ಕೇಳಿಸುತ್ತದೆ. ಅವರ ಗೋಪುರಗಳ ಮಾತಿಗೆ ಅಡ್ಡಿಯಾಗಬಾರದಲ್ಲ!

ಈ ಸಾಹಸದಲ್ಲಿ ಬಿದ್ದವರ ಕಥೆಯನ್ನೂ ಹೇಳದಿದ್ದರೆ ಅಪಚಾರವಾದೀತು. ಪಾತ್‌ಫೈಂಡರಿನ ವಂಶದ ‘ಹೀಲಿಯಸ್’ನ ರೆಕ್ಕೆ 247 ಅಡಿ, ಜಂಬೋ ವಿಮಾನದ್ದಕ್ಕಿಂತ ಉದ್ದ. 2001ರ ಆಗಸ್ಟ್ 13ರಂದು ಅದು 96,863 ಅಡಿ ಏರಿ ಜಗತ್ತನ್ನೇ ಬೆರಗುಗೊಳಿಸಿತು. 2003ರ ಜೂನ್ 26ರಂದು, ಹೊರಟ ಅರ್ಧ ಗಂಟೆಯಲ್ಲಿ, ಇನ್ನೂ ಮೂರು ಸಾವಿರ ಅಡಿ ಎತ್ತರದಲ್ಲಿರುವಾಗಲೇ ಗಾಳಿಯ ಸುಳಿಗೆ ಸಿಕ್ಕಿ, ರೆಕ್ಕೆ ಬಿಲ್ಲಿನಂತೆ ಬಾಗಿ, ಮುರಿದು ಕಡಲಿಗೆ ಬಿದ್ದಿತು. ಫೇಸ್‌ಬುಕ್ ಕಂಪನಿಯ ‘ಅಕ್ವಿಲಾ’ 2016ರ ಜೂನ್ 28ರಂದು ಮೊದಲ ಹಾರಾಟದಲ್ಲಿ, ಇಳಿಯುವ ಹೊತ್ತಿಗೆ ರೆಕ್ಕೆ ಮುರಿದುಕೊಂಡಿತು. 2018ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ಗಮನಿಸಿ: ಇವು ಸೋತದ್ದು ಮೇಲೆ ಅಲ್ಲ, ಏರುವ ಇಳಿಯುವ ದಾರಿಯಲ್ಲಿ. ಗುರಿಗಿಂತ ಹೊಸ್ತಿಲೇ ಅಪಾಯಕರ.

ಆದರೂ ಬಿಡದೆ ಹಿಡಿದವರಿದ್ದರು. 2020ರ ಸೆಪ್ಟೆಂಬರ್ 21ರಂದು ಅಮೆರಿಕದ ನ್ಯೂಮೆಕ್ಸಿಕೋದಿಂದ ಏರಿದ ‘ಸನ್‌ಗ್ಲೈಡರ್’ 62,500 ಅಡಿಗಳಿಂದ ಮೊಬೈಲ್ ಸಂಪರ್ಕ ಕಲ್ಪಿಸಿತು. ಅದರ ಮೂಲಕ ಮಾಮೂಲು ಫೋನಿನಲ್ಲಿ ಜಪಾನಿನವರೊಡನೆ ಮುಖ ನೋಡಿ ಮಾತನಾಡಿದರು. ಜೆಫಿರ್ 2022ರ ಜೂನ್ 15ರಂದು ಅರಿಜೋನದಿಂದ ಹೊರಟು 64 ದಿನ ಹಾರಿತು. ವಿಮಾನದಲ್ಲಿ ಯಾರೂ ಇಲ್ಲ. ಕಣ್ಣಳತೆಯಲ್ಲಿರುವ ತನಕ ನೆಲದ ರೇಡಿಯೋ, ದಿಗಂತ ದಾಟಿದ ಮೇಲೆ ಉಪಗ್ರಹದ ಮೂಲಕ ಅಪ್ಪಣೆ. ಊರಿನವರ ಮಾತು ಕಡಿದರೆ ಊರಿಗೆ ಕಷ್ಟ. ಈ ಅಪ್ಪಣೆಯ ಎಳೆ ಕಡಿದರೆ ವಿಮಾನಕ್ಕೇ ದಿಕ್ಕಿಲ್ಲ. ಆದುದರಿಂದ ಮಿತವ್ಯಯದ ಈ ಮನೆಯಲ್ಲಿ ಎಲ್ಲದಕ್ಕೂ ಕತ್ತರಿ ಬಿದ್ದರೂ ಆ ಎಳೆಯ ಪಾಲಿನ ವಿದ್ಯುತ್ತಿಗೆ ಕೈಹಾಕುವಂತಿಲ್ಲ. ಹಾಗಿದ್ದೂ ಆಗಸ್ಟ್ 18ರಂದು ಹಾರಾಟ ಹಠಾತ್ತಾಗಿ ಕೊನೆಗೊಂಡಿತು.

ಅದೆಷ್ಟು ಹತ್ತಿರ ಬಂದು ತಪ್ಪಿತೆಂಬುದೂ ಸ್ವಾರಸ್ಯವಾಗಿದೆ. 1958ರ ಡಿಸೆಂಬರಿನಿಂದ 1959ರ ಫೆಬ್ರವರಿಯವರೆಗೆ ರಾಬರ್ಟ್ ಟಿಮ್ ಮತ್ತು ಜಾನ್ ಕುಕ್ ಎಂಬಿಬ್ಬರು ಒಂದು ಪುಟ್ಟ ಸೆಸ್ನಾ ವಿಮಾನದಲ್ಲಿ, ಕೆಳಗೆ ಓಡುವ ಲಾರಿಯಿಂದ ಪೆಟ್ರೋಲು ಸೇದಿಕೊಳ್ಳುತ್ತ, 64 ದಿನ 22 ಗಂಟೆ ನೆಲ ಮುಟ್ಟದೆ ಹಾರಿದ್ದರು. ಆ ದಾಖಲೆಗೆ ಜೆಫಿರ್ ನಾಲ್ಕೇ ಗಂಟೆ ಕಡಿಮೆಯಾಯಿತು! 2025ರಲ್ಲಿ ಕೀನ್ಯಾ ದೇಶದಿಂದ ಹೊರಟ ಇನ್ನೊಂದು ಜೆಫಿರ್ 67 ದಿನ ಹಾರಿ ಆ ಹಳೆಯ ದಾಖಲೆಯನ್ನು ದಾಟಿತು.

ನನಗೆ ಆ ಮೂರು ದಿನಗಳ ಹೆಚ್ಚಳಕ್ಕಿಂತ ಕೀನ್ಯಾ ಎಂಬ ಹೆಸರು ದೊಡ್ಡದಾಗಿ ತೋರುತ್ತದೆ. ಅರಿಜೋನದ ಬೇಸಗೆಯ ಇರುಳು ಹತ್ತು ಗಂಟೆಯಷ್ಟು. ಭೂಮಧ್ಯರೇಖೆ ಹಾಯುವ ಕೀನ್ಯಾದಲ್ಲಿ ವರ್ಷವೆಲ್ಲ ಹನ್ನೆರಡು ಗಂಟೆ. ದೀರ್ಘ ರಾತ್ರಿಯನ್ನು ಅಲ್ಲಿ ದಾಟಬಹುದಾದರೆ ನಮ್ಮ ಸೀಮೆಯ ರಾತ್ರಿಯನ್ನೂ ದಾಟಬಹುದೆಂಬ ಭರವಸೆ ಹುಟ್ಟುತ್ತದೆ. ಆ ಭರವಸೆಗೆ ಇಂಬು ಕೊಡುವಂತೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು 2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ ಸೌರವಿಮಾನದ ಕಿರಿಯ ಮಾದರಿಯೊಂದನ್ನು ಹಾರಿಸಿದರು. ತೂಕ 23 ಕಿಲೋಗ್ರಾಮಿನಷ್ಟು. ಏರಿದ್ದು ಮೂರು ಕಿಲೋಮೀಟರ್. ಹಾರಿದ್ದು ಎಂಟೂವರೆ ಗಂಟೆ. ಪೂರ್ಣಪ್ರಮಾಣದ ವಿಮಾನದ ರೆಕ್ಕೆ 30 ಮೀಟರ್ ಇರಬೇಕು, ಅದು ತಿಂಗಳುಗಟ್ಟಲೆ 20 ಕಿಲೋಮೀಟರ್ ಎತ್ತರದಲ್ಲಿ ನಿಲ್ಲಬೇಕು ಎಂಬುದು ಅವರ ಗುರಿ. ಮೂರರಿಂದ ಇಪ್ಪತ್ತಕ್ಕೆ ದಾರಿ ದೂರವಿದೆ. ಎಂಟೂವರೆ ಗಂಟೆಗೂ ಒಂದು ಪೂರ್ಣ ರಾತ್ರಿಗೂ ನಡುವಣ ದಾರಿ ಇನ್ನೂ ದೂರ. ಆದರೆ ಹೆಜ್ಜೆ ನಮ್ಮ ನೆಲದಿಂದಲೇ ಮೇಲಕ್ಕೆ ಬಿದ್ದಿದೆ.

ಇದೆಲ್ಲ ಯಾರಿಗಾಗಿ? ಪೇಟೆಯ ನಮಗಾಗಿ ಅಲ್ಲ. ನಮ್ಮ ಬೀದಿಬೀದಿಗೂ ಗೋಪುರಗಳಿವೆ. ಗೋಪುರ ಕಟ್ಟುವವರು ತಲೆಗಳನ್ನು ಎಣಿಸಿ ಕಟ್ಟುತ್ತಾರೆ. ಎಣಿಕೆಗೆ ಸಾಲದ ಊರು ಕತ್ತಲೆಯಲ್ಲಿ ಉಳಿಯುತ್ತದೆ. ನೆತ್ತಿಯ ಮೇಲಿನಿಂದ ನೋಡುವ ಕಣ್ಣಿಗೆ ಪೇಟೆಯೂ ತೋಟದ ಒಂಟಿಮನೆಯೂ ಒಂದೇ ವೃತ್ತದೊಳಗಿರುತ್ತವೆ. ಮಳೆಗಾಳಿಗೆ ಕೆಳಗಿನ ಕಂಬಗಳೆಲ್ಲ ಉರುಳಿದ ದಿನವೂ ಮೋಡದ ಮೇಲೆ ಬಿಸಿಲಿರುತ್ತದೆ.

ಈ ಸಂಗತಿಗಳನ್ನೆಲ್ಲ ಭಾವನವರಿಗೆ ಕಾಗದದಲ್ಲಿ ವಿವರವಾಗಿ ಬರೆದಿದ್ದೆ. ಅವರ ಉತ್ತರ ಎರಡೇ ಸಾಲು: “ಎಲ್ಲ ಸರಿ. ಅದು ಬರುವ ತನಕ ಗುಡ್ಡದ ದಾರಿಯ ಮುಳ್ಳು ಕಡಿಸಿಟ್ಟಿದ್ದೇನೆ. ಫೋನಿಗೆ ಸಂಜೆಯೇ ಚಾರ್ಜು ಮಾಡಿಡುತ್ತೇನೆ.” ಎತ್ತರವನ್ನು ಹುಡುಕು, ಹಗಲಿನಲ್ಲಿಯೇ ಕೂಡಿಡು, ಇರುಳಿನಲ್ಲಿ ಬೇಕಾದಷ್ಟೇ ಮಾತನಾಡು. ಜೆಫಿರಿನ ಎಂಜಿನಿಯರುಗಳು ಇದಕ್ಕಿಂತ ಹೆಚ್ಚಿನದೇನನ್ನು ಕಲಿತಾರು?